‘ನಿನ್ನ ಸತ್ಯ ನಿನಗೆ, ನನ್ನ ಸತ್ಯ ನನಗೆ’ ಎಂದರೆ ಲಾಭ ಯಾರಿಗೆ?

2017ರ ಜನವರಿ 22. ಡೊನಾಲ್ಡ್ ಟ್ರಂಪ್ ಅಮೆರಿಕದ ಅಧ್ಯಕ್ಷರಾಗಿ ಎರಡು ದಿನವಾಗಿತ್ತಷ್ಟೇ. ಅವರ ಪ್ರಮಾಣವಚನಕ್ಕೆ ಹಿಂದೆಂದೂ ಸೇರದಷ್ಟು ಜನ ಸೇರಿದ್ದರು ಎಂದು ಶ್ವೇತಭವನದ ವಕ್ತಾರ ಶಾನ್ ಸ್ಪೈಸರ್ ಹೇಳಿದ್ದರು. 2009ರ ಒಬಾಮಾ ಸಮಾರಂಭದ ಫೋಟೋ ಪಕ್ಕಕ್ಕಿಟ್ಟು ನೋಡಿದವರಿಗೆ ಅದು ಸುಳ್ಳು ಅಂತ ಕಾಣುತ್ತಿತ್ತು. ಟಿವಿ ಸಂದರ್ಶನದಲ್ಲಿ ಇದನ್ನು ಕೇಳಿದಾಗ ಟ್ರಂಪ್ ಸಲಹೆಗಾರ್ತಿ ಕೆಲಿಯಾನ್ ಕಾನ್ವೇ ಕೊಟ್ಟ ಉತ್ತರ: ಸ್ಪೈಸರ್ ಹೇಳಿದ್ದು ‘ಆಲ್ಟರ್ನೇಟಿವ್ ಫ್ಯಾಕ್ಟ್ಸ್’. ಅಂದರೆ, ಪರ್ಯಾಯ ಸತ್ಯಗಳು!

ಇದಕ್ಕೆಲ್ಲ ಆಧುನಿಕೋತ್ತರವಾದವೇ ಕಾರಣ ಅನ್ನೋ ವಾದ ಆಮೇಲೆ ಜೋರಾಯಿತು. ಎಲ್ಲವನ್ನೂ ವಿವರಿಸುತ್ತೇವೆ ಎನ್ನುವ ಮಹಾಕಥನಗಳ ಮೇಲೆ ಜನರಿಗೆ ನಂಬಿಕೆ ಹೋಗಿದೆ ಎಂದು ಫ್ರೆಂಚ್ ಚಿಂತಕ ಲ್ಯೋತಾರ್ 1979ರಲ್ಲಿ ಬರೆದರು. ಜ್ಞಾನವನ್ನೂ ಅಧಿಕಾರವನ್ನೂ ಬಿಡಿಸಿ ನೋಡಲಾಗದು ಎಂದರು ಫುಕೋ. ‘ಸತ್ಯವೇ ಇಲ್ಲ ಅಂತ ಇವರು ಬಿತ್ತಿದರು, ಸುಳ್ಳುಗಾರರು ಬೆಳೆ ಕೊಯ್ದರು’ ಅನ್ನೋದು ಆರೋಪ.

ಈ ಆರೋಪ ಅರ್ಧ ಮಾತ್ರ ಸರಿ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂದ್ರೆ, ಅನುಮಾನವನ್ನು ಮಾರುವ ದಂಧೆ ಲ್ಯೋತಾರ್ ಪುಸ್ತಕಕ್ಕಿಂತ ಹಳೆಯದು. ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು ಅಮೆರಿಕದ ಸರ್ಜನ್ ಜನರಲ್ ವರದಿ 1964ರಲ್ಲೇ ಹೇಳಿತ್ತು. ‘ಅನುಮಾನವೇ ನಮ್ಮ ಸರಕು’ ಎಂದು 1969ರಲ್ಲಿ ಸಿಗರೇಟ್ ಕಂಪನಿಯೊಂದರ ಒಳಗಿನ ಟಿಪ್ಪಣಿಯೇ ಬರೆದುಕೊಂಡಿತ್ತು. ಇದಕ್ಕೆ ಫುಕೋನನ್ನು ಓದಬೇಕಿರಲಿಲ್ಲ, ಲಾಭದ ಲೆಕ್ಕ ಗೊತ್ತಿದ್ದರೆ ಸಾಕಿತ್ತು.

ಹಾಗಂತ ಸಿದ್ಧಾಂತಿಗಳು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಜಾಗತಿಕ ತಾಪಮಾನದ ವಿಷಯದಲ್ಲಿ ‘ವಿಜ್ಞಾನಿಗಳಲ್ಲೇ ಖಚಿತತೆ ಇಲ್ಲ’ ಎನ್ನುವುದನ್ನೇ ಮುಂದಿಡಿ ಅಂತ ಫ್ರಾಂಕ್ ಲಂಟ್ಜ್ ರಿಪಬ್ಲಿಕನ್ನರಿಗೆ ಸಲಹೆ ಕೊಟ್ಟಿದ್ದರು. ವೈಜ್ಞಾನಿಕ ಸತ್ಯಗಳು ಪ್ರಯೋಗಾಲಯದಲ್ಲಿ ಹೇಗೆ ‘ಕಟ್ಟಲ್ಪಡುತ್ತವೆ’ ಎಂದು ತೋರಿಸಿ ಹೆಸರಾದವರು ಬ್ರೂನೋ ಲಟೂರ್. 2004ರ ಲೇಖನದಲ್ಲಿ ಅವರು ಈ ಸಲಹೆಯನ್ನೇ ಎತ್ತಿಕೊಂಡು, ನಮ್ಮ ಅಸ್ತ್ರ ಇವರ ಕೈಗೆ ಹೋಯಿತಾ ಎಂದು ತಮ್ಮನ್ನೇ ಕೇಳಿಕೊಂಡರು.

ಅಸ್ತ್ರ ಅದೇ, ಬಳಕೆ ಬೇರೆ. ‘ಇದನ್ನ ಯಾರು ಹೇಳ್ತಿದ್ದಾರೆ, ಯಾಕೆ ಹೇಳ್ತಿದ್ದಾರೆ?’ ಎಂಬ ಪ್ರಶ್ನೆಯನ್ನು ಫುಕೋ ಜೈಲು, ಹುಚ್ಚಾಸ್ಪತ್ರೆಗಳ ಮುಂದಿಟ್ಟಾಗ ತನಿಖೆ ಶುರುವಾಯಿತು. ಅದನ್ನೇ ಅಧಿಕಾರಸ್ಥರು ಪತ್ರಕರ್ತರಿಗೆ ಕೇಳಿದಾಗ ತನಿಖೆ ನಿಲ್ಲುತ್ತದೆ. ‘ನೀನು ಆ ಕಡೆಯವನು’ ಅಂದರೆ ಮುಗೀತು, ದಾಖಲೆ ನೋಡುವ ಕೆಲಸವೇ ಉಳಿಯೋದಿಲ್ಲ.

ಹಾಗಾದರೆ ಗೆರೆ ಎಲ್ಲಿ ಎಳೆಯೋದು? 1967ರ ಪ್ರಬಂಧವೊಂದರಲ್ಲಿ ಹನ್ನಾ ಅರೆಂಟ್ ಒಂದು ಪ್ರಸಂಗ ಹೇಳುತ್ತಾರೆ. ಮೊದಲ ಮಹಾಯುದ್ಧಕ್ಕೆ ಯಾರು ಹೊಣೆ ಎಂದು ಮುಂದಿನ ಇತಿಹಾಸಕಾರರು ಏನು ಹೇಳಬಹುದು ಅಂತ ಫ್ರಾನ್ಸಿನ ಕ್ಲೆಮಾಂಸೋ ಅವರನ್ನು ಕೇಳಿದರಂತೆ. ಅದು ನನಗೆ ಗೊತ್ತಿಲ್ಲ, ಆದರೆ ಬೆಲ್ಜಿಯಂ ಜರ್ಮನಿಯ ಮೇಲೆ ದಂಡೆತ್ತಿ ಹೋಯಿತು ಎಂದಂತೂ ಹೇಳಲಾರರು ಎಂದರಂತೆ ಅವರು. ವ್ಯಾಖ್ಯಾನ ನೂರಿರಬಹುದು, ನಡೆದದ್ದು ಒಂದೇ.

‘ಎಲ್ಲಾ ಕಡೆಯದ್ದೂ ಪ್ರೊಪಗಾಂಡಾನೇ ಬಿಡಿ’ ಎನ್ನುವ ಮಾತು ನಮ್ಮ ವಯಸ್ಸಿನವರಲ್ಲಿ ಜಾಣತನದಂತೆ ಚಲಾವಣೆಯಲ್ಲಿದೆ. ಆದರೆ ಎಲ್ಲರ ಸತ್ಯವೂ ಸಮ ಎಂದಾದರೆ ಗೆಲ್ಲೋದು ಯಾರು? ದುಡ್ಡು, ಚಾನೆಲ್ಲು, ಐಟಿ ಸೆಲ್ಲು ಇರುವವರು. ಜಾಗ ಕಳೆದುಕೊಂಡವರ ಹತ್ತಿರ ಇರುವುದು ಒಂದು ಪಹಣಿ. ಲಾಕಪ್ಪಿನಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಹತ್ತಿರ ಇರುವುದು ಒಂದು ಮರಣೋತ್ತರ ಪರೀಕ್ಷೆಯ ವರದಿ. ಅದೂ ಬರೀ ‘ಅವರ ಸತ್ಯ’ ಆಗಿಬಿಟ್ಟರೆ ಅವರ ಕೈಯಲ್ಲಿ ಇನ್ನೇನೂ ಉಳಿಯುವುದಿಲ್ಲ.

ಪ್ರಶ್ನೆ ಕೇಳೋದನ್ನು ಬಿಡಬೇಕಿಲ್ಲ. ಏನಾಯಿತು ಅನ್ನೋದು ಮೊದಲ ಪ್ರಶ್ನೆ, ಅದರ ಅರ್ಥವೇನು ಅನ್ನೋದು ಎರಡನೆಯದು. ಎರಡನೆಯದರ ಬಗ್ಗೆ ಎಷ್ಟು ಬೇಕಾದರೂ ಜಗಳಾಡೋಣ, ಮೊದಲನೆಯದನ್ನು ಮಾತ್ರ ಯಾರಿಗೂ ಬಿಟ್ಟುಕೊಡೋದು ಬೇಡ.