ಎರಡು ಭಾಷೆ: ಯಾರಿಗೆ ಆಸ್ತಿ, ಯಾರಿಗೆ ಕೊರತೆ?

2025ರ ಮಾರ್ಚ್ 1ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಇಂಗ್ಲಿಷನ್ನು ಅಮೆರಿಕದ ಅಧಿಕೃತ ಭಾಷೆಯೆಂದು ಘೋಷಿಸುವ ಆದೇಶಕ್ಕೆ ಸಹಿ ಹಾಕಿದರು. ಇಂಗ್ಲಿಷ್ ಬಾರದವರಿಗೆ ಸರ್ಕಾರಿ ಸೇವೆಗಳಲ್ಲಿ ಭಾಷಾ ನೆರವು ನೀಡಬೇಕೆಂದು 2000ದಲ್ಲಿ ಬಿಲ್ ಕ್ಲಿಂಟನ್ ಹೊರಡಿಸಿದ್ದ ಆದೇಶವೂ ಇದರೊಂದಿಗೆ ರದ್ದಾಯಿತು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ನಾಲ್ಕು ಕೋಟಿಗೂ ಹೆಚ್ಚು ಜನರಿರುವ ದೇಶವಿದು ಎಂಬುದನ್ನು ಮರೆಯಲಾಗದು.

ಇಂಗ್ಲಿಷ್ ಕಲಿಯಬೇಕೆಂಬ ಬಗ್ಗೆ ವಲಸಿಗರಲ್ಲಿ ತಕರಾರೇನೂ ಇಲ್ಲ. 1996ರಲ್ಲಿ ಲಾಸ್ ಏಂಜಲೀಸ್‌ನ ಶಾಲೆಯೊಂದರಲ್ಲಿ ಸ್ಪ್ಯಾನಿಷ್ ಭಾಷಿಕ ಪೋಷಕರೇ, ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿಲ್ಲವೆಂದು ತರಗತಿ ಬಹಿಷ್ಕಾರಕ್ಕೆ ಇಳಿದಿದ್ದರು. ಇಂಥ ಅಸಮಾಧಾನದ ಬಲದಿಂದ ಉದ್ಯಮಿ ರಾನ್ ಉಂಜ್ ಮುಂದಿಟ್ಟ ‘ಪ್ರಸ್ತಾವ 227’ಕ್ಕೆ 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿಗೆಯಿತ್ತರು. ದ್ವಿಭಾಷಾ ತರಗತಿಗಳು ಬಹುಮಟ್ಟಿಗೆ ಮುಚ್ಚಿದವು. ಬೋಧನಾ ಕ್ರಮದ ದೋಷಕ್ಕೆ ಮಗುವಿನ ಮನೆಮಾತು ಬೆಲೆ ತೆರಬೇಕಾಯಿತು.

ಬೇರೆ ದಾರಿ ಇರಲಿಲ್ಲವೆಂದಲ್ಲ. ಕ್ಯೂಬಾದ ನಿರಾಶ್ರಿತರು ಬಂದಿಳಿದಾಗ, 1963ರಲ್ಲೇ ಮಯಾಮಿಯ ಕೋರಲ್ ವೇ ಶಾಲೆಯಲ್ಲಿ ಎರಡೂ ಭಾಷೆಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಪಾಠ ಹೇಳಲಾಗಿತ್ತು. ಕ್ಯಾಲಿಫೋರ್ನಿಯಾ ಕೂಡ ತಡವಾಗಿ ಎಚ್ಚೆತ್ತಿತು. ಎರಡು ಭಾಷೆಗಳಲ್ಲಿ ಓದಿ ಬರೆಯಬಲ್ಲ ವಿದ್ಯಾರ್ಥಿಗಳ ಡಿಪ್ಲೊಮಾಕ್ಕೆ ವಿಶೇಷ ಮುದ್ರೆ ಒತ್ತುವ ಕಾನೂನನ್ನು 2011ರಲ್ಲಿ ತಂದಿತು. 2016ರಲ್ಲಿ ‘ಪ್ರಸ್ತಾವ 58’ರ ಮೂಲಕ ಹಳೆಯ ನಿರ್ಬಂಧವನ್ನು ತೆಗೆದುಹಾಕಿತು. ಪರವಾಗಿ ಬಿದ್ದ ಮತಗಳು ಶೇ 70ಕ್ಕೂ ಹೆಚ್ಚು.

ಆದರೂ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಇಂಗ್ಲಿಷ್ ಮನೆಮಾತಿನ ಮಗು ಸ್ಪ್ಯಾನಿಷ್ ಕಲಿತರೆ ಅದು ಪ್ರತಿಭೆ, ಉದ್ಯೋಗಕ್ಕೂ ಅನುಕೂಲ. ಸ್ಪ್ಯಾನಿಷ್ ಮನೆಮಾತಿನ ಮಗು ಇಂಗ್ಲಿಷ್ ಕಲಿಯುತ್ತಿದ್ದರೆ ಅದು ಮಾತ್ರ ಸರಿಪಡಿಸಬೇಕಾದ ಕೊರತೆ. ಆಸ್ಪತ್ರೆಯಲ್ಲಿ ತಾಯಿಯ ನೋವನ್ನು ವೈದ್ಯರಿಗೆ ವಿವರಿಸುವುದು ಎಷ್ಟೋ ಬಾರಿ ಇದೇ ಮಗು. ಆ ಸಾಮರ್ಥ್ಯಕ್ಕೆ ಶಾಲೆಯಲ್ಲಿ ಅಂಕವಿಲ್ಲ.

ಇಂಗ್ಲಿಷ್ ಅನ್ನ ಕೊಡುತ್ತದೆ, ನಿಜ. ಆದರೆ ಮನೆಮಾತನ್ನು ಕಳೆದುಕೊಂಡ ಮಗು ಅಜ್ಜಿಯೊಡನೆ ಮಾತು ಬೆಳೆಸಲಾರದು. ವಲಸಿಗರ ಮೂರನೆಯ ತಲೆಮಾರಿಗೆ ಮನೆಮಾತು ಮಾಸುವುದು ಅಮೆರಿಕದ ಹಳೆಯ ಕಥೆ. ವಾರಾಂತ್ಯದಲ್ಲಿ ಮಕ್ಕಳನ್ನು ಕನ್ನಡ ತರಗತಿಗೆ ಕರೆದೊಯ್ಯುವ ಕ್ಯಾಲಿಫೋರ್ನಿಯಾದ ನಮ್ಮವರೂ ಈ ಆತಂಕವನ್ನು ಬಲ್ಲರು. ಒಂದು ಭಾಷೆಯನ್ನು ಅಧಿಕೃತಗೊಳಿಸಲು ಒಂದು ಸಹಿ ಸಾಕು. ಮಗುವಿನ ಎರಡನೆಯ ಭಾಷೆಯನ್ನು ಉಳಿಸಲು ಶಾಲೆಯೂ ಶಿಕ್ಷಕರೂ ಬೇಕು. ಸರ್ಕಾರದ ಹಣ ಹೋಗಬೇಕಾದದ್ದು ಅಲ್ಲಿಗೆ.