ಬುದ್ಧಿಯಾಟಕ್ಕೆ ಬೆಲೆ ಕಟ್ಟಿದವರು ಯಾರು?

ನಮ್ಮ ಜಿಲ್ಲೆಯ ಪೇಟೆಗಳಲ್ಲಿ ಹೊಸದೊಂದು ಸರಕು ಬಿಕರಿಗೆ ಬಂದಿದೆ. ಅದರ ಹೆಸರು ಮಕ್ಕಳ ಬುದ್ಧಿ. ಮೂರು ವರ್ಷದ ಕೂಸಿನ ಮಿದುಳನ್ನು ಚುರುಕು ಮಾಡಿಕೊಡುತ್ತೇವೆ, ಐದು ವರ್ಷ ತುಂಬುವುದರೊಳಗೆ ಲೆಕ್ಕದಲ್ಲಿ ಹುಲಿ ಮಾಡಿಕೊಡುತ್ತೇವೆ ಎಂದು ಸಾರುವ ಬೋರ್ಡುಗಳು ಚಿತ್ರದುರ್ಗದಲ್ಲಿ ಮಾತ್ರವಲ್ಲ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿಯೂ ಕಾಣುತ್ತಿವೆ. ಬೋರ್ಡು ಹೋಗಲಾರದ ಹಳ್ಳಿಗೆ ಮೊಬೈಲು ಫೋನು ಹೋಗಿದೆ. ಅದರೊಳಗೆ ಕುಳಿತ 'ಬ್ರೈನ್ ಗೇಮು'ಗಳು ತಿಂಗಳಿಗಿಷ್ಟು ಕೊಡಿರೆಂದು ಕೈ ಚಾಚುತ್ತಿವೆ.

ಈ ಸರಕನ್ನು ಕೊಳ್ಳುತ್ತಿರುವವರು ಯಾರು? ಸಾಹುಕಾರರು ಮಾತ್ರವೆ? ಅಲ್ಲ. ಅಡಿಕೆ ಸುಲಿಯುವ ತಾಯಿ, ಹೆದ್ದಾರಿಯಲ್ಲಿ ಲಾರಿ ಓಡಿಸುವ ತಂದೆ, ಬೋರ್‌ವೆಲ್ ಬತ್ತಿ ಸಾಲಗಾರನಾದ ರೈತ, ಇವರೂ ಕೊಳ್ಳುತ್ತಿದ್ದಾರೆ. ತಾವು ಓದಲಾಗಲಿಲ್ಲ, ಮಗುವಾದರೂ ಹಿಂದೆ ಬೀಳದಿರಲಿ ಎಂಬುದು ಅವರ ಆಸೆ. ಆ ಆಸೆಯನ್ನು ನಾವು ಹೀಗಳೆಯುವುದಿಲ್ಲ. ಆಸೆಯನ್ನು ಹೆದರಿಕೆ ಮಾಡಿ, ಹೆದರಿಕೆಯನ್ನು ಹಣ ಮಾಡಿಕೊಳ್ಳುವ ವ್ಯಾಪಾರವನ್ನು ಖಂಡಿಸುತ್ತೇವೆ.

"ದುಡ್ಡಿದ್ದವರು ಕೊಳ್ಳಲಿ, ನಿಮಗೇನು ನಷ್ಟ?" ಎಂದು ಕೆಲವು ಮಹನೀಯರು ಕೇಳಬಹುದು. ಮೊದಲು ಸರಕು ಎಂಥದೆಂದು ನೋಡೋಣ. ಲುಮಾಸಿಟಿ ಎಂಬ ಅಮೆರಿಕದ ಕಂಪನಿ ತನ್ನ ಮಿದುಳಿನ ಆಟಗಳನ್ನು ಆಡಿದರೆ ಶಾಲೆಯಲ್ಲಿಯೂ ಕೆಲಸದಲ್ಲಿಯೂ ಮುಂದೆ ಬರುವಿರಿ ಎಂದು ಜಾಹೀರಾತು ಮಾಡಿತು. ಆ ಮಾತಿಗೆ ತಕ್ಕ ಆಧಾರವಿಲ್ಲವೆಂದು ಅಲ್ಲಿಯ ಸರ್ಕಾರದ ವ್ಯಾಪಾರ ಆಯೋಗ ಮೊಕದ್ದಮೆ ಹೂಡಿತು. ೨೦೧೬ರಲ್ಲಿ ಕಂಪನಿ ೨೦ ಲಕ್ಷ ಡಾಲರು ತೆರಲು ಒಪ್ಪಿತು. ಎಳೆಗೂಸುಗಳಿಗೆಂದು 'ಬೇಬಿ ಐನ್‌ಸ್ಟೈನ್' ವಿಡಿಯೋಗಳನ್ನು ಮಾರಿದ ಡಿಸ್ನಿ ಕಂಪನಿ ೨೦೦೯ರಲ್ಲಿ, ಬೇಡವೆಂದವರಿಗೆ ಹಣ ಹಿಂದಿರುಗಿಸುವುದಾಗಿ ಹೇಳಬೇಕಾಯಿತು. ನಮ್ಮ ಬೆಂಗಳೂರಿನದೇ ಮಾತು ಬೇಕೆ? ೨೦೨೨ರಲ್ಲಿ ೨,೨೦೦ ಕೋಟಿ ಡಾಲರು ಬೆಲೆಯದೆಂದು ಕೊಂಡಾಡಿಸಿಕೊಂಡ ಬೈಜೂಸ್ ಕಂಪನಿ ೨೦೨೪ರ ಜುಲೈನಲ್ಲಿ ದಿವಾಳಿ ನಡವಳಿಗೆ ಸಿಕ್ಕಿತು.

ಒಂದು ಆಟವನ್ನು ದಿನವೂ ಆಡಿದ ಮಗು ಆ ಆಟದಲ್ಲಿ ಪಳಗುತ್ತದೆ. ಆದರೆ ಅದರಿಂದಲೇ ಅದರ ಬುದ್ಧಿಯೆಲ್ಲ ಬೆಳೆದು ಓದು, ಬರಹ, ವಿವೇಕ ಎಲ್ಲವೂ ಮೇಲಕ್ಕೇರುತ್ತವೆ ಎಂಬುದಕ್ಕೆ ಗಟ್ಟಿಯಾದ ಪುರಾವೆ ಸಿಕ್ಕಿಲ್ಲ. ಬಡವನ ಜೇಬಿನಿಂದ ಹಣ ಕೀಳುತ್ತಿರುವುದು ಈ ಪುರಾವೆಯಿಲ್ಲದ ಮಾತು.

ಹಾಗಾದರೆ ಮಕ್ಕಳಿಗೆ ಬುದ್ಧಿಯಾಟ ಬೇಡವೆ? ಖಂಡಿತ ಬೇಕು. ಬೇಕೆಂದೇ ಇಷ್ಟು ಬರೆಯುತ್ತಿದ್ದೇವೆ. ಆದರೆ ಅದು ಅಂಗಡಿಯಿಂದ ಬರಬೇಕಾಗಿಲ್ಲ. 'ಕೆರೆ-ದಡ' ಆಟವನ್ನು ನೋಡಿ. ನೆಲದ ಮೇಲೆ ಒಂದು ಗೆರೆ ಸಾಕು. ಕೆರೆ ಎಂದರೆ ಒಳಕ್ಕೆ ಹಾರಬೇಕು, ದಡ ಎಂದರೆ ಹೊರಕ್ಕೆ. ಹೇಳುವವರು ಬೇಕೆಂದೇ ಒಂದೇ ಮಾತನ್ನು ಎರಡು ಸಲ ಹೇಳುತ್ತಾರೆ. ಆಗ ನೆಗೆಯಲು ಎತ್ತಿದ ಕಾಲನ್ನು ನಾಲ್ಕು ವರ್ಷದ ಮಗು ತಡೆದು ನಿಲ್ಲಿಸಬೇಕು. ಕಿವಿಗೊಡುವುದು, ನೆನಪಿಡುವುದು, ದುಡುಕದೆ ತನ್ನನ್ನು ತಾನು ತಡೆಯುವುದು, ಈ ಮೂರನ್ನೂ ಆ ಒಂದು ಗೆರೆ ಕಲಿಸುತ್ತದೆ. ಅಳಿಗುಳಿ ಮಣೆಯ ಹದಿನಾಲ್ಕು ಗುಳಿಗಳಿಗೆ ಹುಣಸೆಬೀಜ ಹಂಚುತ್ತಾ ಹೋಗುವ ಮಗು ಎಣಿಕೆಯನ್ನೂ ಮುಂದಾಲೋಚನೆಯನ್ನೂ ಒಟ್ಟಿಗೆ ಕಲಿಯುತ್ತದೆ. ಚೌಕಾಬಾರದಲ್ಲಿ ನಾಲ್ಕು ಕವಡೆ ಎಸೆದು ಕಾಯಿ ನಡೆಸುವಾಗ ಕೂಡುವ ಲೆಕ್ಕ ತಾನಾಗಿಯೇ ಬರುತ್ತದೆ. ಅಜ್ಜಿಯ ಒಗಟಿಗೆ ಉತ್ತರ ಹುಡುಕುವ ಮಗುವಿಗೆ ಮಾತಿನ ಒಳಗುಟ್ಟು ತಿಳಿಯುತ್ತದೆ. ಇವುಗಳಿಗೆ ಕಾಸಿನ ಖರ್ಚಿಲ್ಲ. ಖರ್ಚಿರುವುದು ಒಂದಕ್ಕೆ ಮಾತ್ರ: ಮಗುವಿನ ಎದುರು ಕುಳಿತುಕೊಳ್ಳುವ ಹಿರಿಯರ ಹೊತ್ತಿಗೆ.

ಇದು ಹಳೆಯ ಕಾಲದ ಹಂಬಲವಲ್ಲ. ಜಮೈಕಾ ದೇಶದ ಕಿಂಗ್‌ಸ್ಟನ್ ಪಟ್ಟಣದ ಬಡ ಕೇರಿಗಳಲ್ಲಿ ೧೯೮೬-೮೭ರಲ್ಲಿ ಒಂದು ಪರೀಕ್ಷೆ ಆರಂಭವಾಯಿತು. ಊಟ ಸಾಲದೆ ಕುಗ್ಗಿದ್ದ ೧೨೯ ಎಳೆಯ ಮಕ್ಕಳನ್ನು ತೆಗೆದುಕೊಂಡು, ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ, ವಾರಕ್ಕೊಂದು ಗಂಟೆ ಹೋದರು. ಮನೆಯಲ್ಲಿ ಸಿಗುವ ವಸ್ತುಗಳಿಂದಲೇ ಮಾಡಿದ ಆಟಿಕೆ ಹಿಡಿದು ತಾಯಿಗೂ ಮಗುವಿಗೂ ಆಟ ಕಲಿಸಿದರು. ಇಪ್ಪತ್ತು ವರ್ಷಗಳ ತರುವಾಯ ನೋಡಿದರೆ, ಹಾಗೆ ಆಡಿ ಬೆಳೆದವರ ದುಡಿಮೆ ಆ ಅವಕಾಶ ಸಿಗದ ಮಕ್ಕಳಿಗಿಂತ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚಾಗಿತ್ತು. ೨೦೧೪ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅಲ್ಲಿ ಕೆಲಸ ಮಾಡಿದ್ದು ಯಂತ್ರವಲ್ಲ, ತರಬೇತಿ ಪಡೆದ ಒಬ್ಬ ಹೆಣ್ಣುಮಗಳು.

ಇನ್ನು ಊರೂರಿನಲ್ಲಿ ಬೋರ್ಡಿನ ಮೇಲೆ ಮೆರೆಯುವ 'ಮಾಂಟೆಸ್ಸರಿ' ಎಂಬ ಹೆಸರಿನ ಕಥೆಯನ್ನೂ ಕೇಳಿ. ನಮ್ಮ ಮಾರಿಕಣಿವೆಯ ಕಟ್ಟೆಯ ಕೆಲಸ ಮುಗಿದ ೧೯೦೭ನೇ ಇಸವಿಯಲ್ಲಿಯೇ, ಜನವರಿ ೬ರಂದು, ಮರಿಯಾ ಮಾಂಟೆಸ್ಸರಿ ತನ್ನ ಮೊದಲ ಮಕ್ಕಳ ಮನೆಯನ್ನು ತೆರೆದಳು. ಎಲ್ಲಿ? ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಕೂಲಿಕಾರರ ಕೇರಿಯಲ್ಲಿ. ಯಾರಿಗಾಗಿ? ತಂದೆತಾಯಿ ದುಡಿಯಲು ಹೋದಾಗ ನೋಡುವವರಿಲ್ಲದೆ ಅಲೆಯುತ್ತಿದ್ದ ಮಕ್ಕಳಿಗಾಗಿ. ಕೂಲಿಯವರ ಮಕ್ಕಳಿಗೆಂದು ಹುಟ್ಟಿದ ವಿದ್ಯೆ ಇಂದು ಕೂಲಿಯವನ ಕೈಗೆ ಎಟುಕದ ಸರಕಾಗಿದೆ. ಇದಕ್ಕಿಂತ ದೊಡ್ಡ ಅಣಕವುಂಟೆ?

ನಮ್ಮಲ್ಲಿ ಕೂಲಿಯವರ ಮಕ್ಕಳ ಮನೆ ಯಾವುದು? ಅಂಗನವಾಡಿ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆ ಆರಂಭವಾದ ಈ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಅದರ ಆರು ಸೇವೆಗಳಲ್ಲಿ ಮೂರರಿಂದ ಆರು ವರ್ಷದ ಮಕ್ಕಳ ಶಾಲಾಪೂರ್ವ ಶಿಕ್ಷಣವೂ ಒಂದು. ಹಾಡು, ಕತೆ, ಆಟ ಎಲ್ಲವೂ ಅದರಲ್ಲಿವೆ. ಆದರೆ ಆಡಿಸಬೇಕಾದ ಕಾರ್ಯಕರ್ತೆಗೆ ಹೊತ್ತೆಲ್ಲಿದೆ? ತೂಕ ಮಾಡಿ ಬರೆಯಬೇಕು, ಬಸುರಿ ಬಾಣಂತಿಯರನ್ನು ವಿಚಾರಿಸಬೇಕು, ಆಹಾರದ ಲೆಕ್ಕ ಇಡಬೇಕು, ೨೦೨೧ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಎಂಬ ಫೋನಿನ ಆ್ಯಪಿನೊಳಗೆ ಎಲ್ಲವನ್ನೂ ತುಂಬಬೇಕು, ಸಮೀಕ್ಷೆ ಬಂದರೆ ಮನೆಮನೆ ತಿರುಗಬೇಕು. ಮಕ್ಕಳು ಮಾತ್ರ ಊಟದ ಹೊತ್ತಿಗಾಗಿ ಕಾದು ಕುಳಿತಿರಬೇಕು.

ಇಷ್ಟು ದುಡಿಯುವವಳಿಗೆ ಸರ್ಕಾರ ಕೊಡುವುದು ಸಂಬಳವಲ್ಲ, 'ಗೌರವಧನ'! ೨೦೧೮ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದರ ಮೊತ್ತವನ್ನು ೩,೦೦೦ದಿಂದ ೪,೫೦೦ ರೂಪಾಯಿಗೆ ಏರಿಸಿ ಬೆನ್ನು ತಟ್ಟಿಕೊಂಡಿತು, ಸಹಾಯಕಿಗೆ ೨,೨೫೦. ರಾಜ್ಯ ತನ್ನ ಪಾಲನ್ನು ಸೇರಿಸಿದರೂ ಅದು ಗೌರವದ ಹೆಸರಿನ ಅರೆಕೂಲಿಯೇ. ಗ್ರಾಚ್ಯುಟಿ ಪಡೆಯುವ ಹಕ್ಕು ಇವರಿಗೂ ಉಂಟೆಂದು ಹೇಳಿಸಿಕೊಳ್ಳಲು ೨೦೨೨ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪೇ ಬೇಕಾಯಿತು.

ಕಾನೂನಿನ ಮಾತಾದರೂ ಏನು? ಶಿಕ್ಷಣದ ಹಕ್ಕಿನ ೨೦೦೯ರ ಕಾಯಿದೆ ಆರು ವರ್ಷ ತುಂಬಿದವರಿಂದ ಆರಂಭವಾಗುತ್ತದೆ. ಆರರೊಳಗಿನ ಮಕ್ಕಳನ್ನು ೨೦೦೨ರ ಸಂವಿಧಾನ ತಿದ್ದುಪಡಿ ೪೫ನೇ ವಿಧಿಯ ನಿರ್ದೇಶಕ ತತ್ತ್ವಕ್ಕೆ ಒಪ್ಪಿಸಿ ಕೈ ತೊಳೆದುಕೊಂಡಿತು. ನಿರ್ದೇಶಕ ತತ್ತ್ವವನ್ನು ಹಿಡಿದು ಕೋರ್ಟಿನಲ್ಲಿ ಹಕ್ಕು ಕೇಳಲಾಗದು. ಸರ್ಕಾರ ಬಿಟ್ಟುಕೊಟ್ಟ ಈ ಮೂರು ವರ್ಷಗಳ ಬಯಲಿನಲ್ಲಿಯೇ ಬುದ್ಧಿಯ ವ್ಯಾಪಾರಿಗಳು ಅಂಗಡಿ ಹೂಡಿದ್ದಾರೆ. ನಷ್ಟ ಯಾರಿಗೆಂದು ಕೇಳಿದ ಮಹನೀಯರಿಗೆ ಇದೇ ನಮ್ಮ ಉತ್ತರ: ಹಣ ಕೊಟ್ಟವನ ಮಗು ಮೋಸಹೋಗುತ್ತದೆ, ಕೊಡಲಾಗದವನ ಮಗು ಅನಾಥವಾಗುತ್ತದೆ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಮೂರು ವರ್ಷದಿಂದಲೇ ಶಿಕ್ಷಣ ಮಗುವಿನ ಹಕ್ಕಾಗಬೇಕು. ಅಂಗನವಾಡಿಯ ಬೆಳಗಿನ ಮೂರು ಗಂಟೆ ಮಕ್ಕಳ ಆಟಕ್ಕೇ ಮೀಸಲಾಗಬೇಕು. ಆ ಹೊತ್ತಿನಲ್ಲಿ ಸಮೀಕ್ಷೆ, ಸಭೆ, ಫೋನಿನ ಕೆಲಸ ಕೂಡದು. ಆಟ-ಪಾಠಕ್ಕೆಂದೇ ತರಬೇತಿ ಪಡೆದ ಇನ್ನೊಬ್ಬ ಕಾರ್ಯಕರ್ತೆಯನ್ನು ನೇಮಿಸಬೇಕು. ಗೌರವಧನ ಹೋಗಿ ಸಂಬಳ ಬರಬೇಕು. ಸುಳ್ಳು ಜಾಹೀರಾತಿಗೆ ೧೦ ಲಕ್ಷ ರೂಪಾಯಿವರೆಗೆ ದಂಡ ಹಾಕಲು ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಅವಕಾಶವಿದೆ. ಅದನ್ನು ಈ ಬೋರ್ಡುಗಳ ಮೇಲೆ ಪ್ರಯೋಗಿಸಬೇಕು.

ತಾಯಂದಿರೆ, ತಂದೆಗಳಿರಾ, ಸಾಲ ಮಾಡಿ ಫೀಜು ಕಟ್ಟುವ ಮುನ್ನ ನಿಮ್ಮ ಊರಿನ ಅಂಗನವಾಡಿಯೊಳಗೆ ಒಮ್ಮೆ ಹೋಗಿ ನೋಡಿ. ಮಕ್ಕಳು ಆಡುತ್ತಿದ್ದಾರೆಯೆ? ಇಲ್ಲವಾದರೆ ಏಕಿಲ್ಲವೆಂದು ಕಾರ್ಯಕರ್ತೆಯನ್ನು ಗದರಬೇಡಿ. ಅವಳ ಪಕ್ಕದಲ್ಲಿ ನಿಂತು ಪಂಚಾಯತಿಯನ್ನು ಕೇಳಿ, ಶಾಸಕರನ್ನು ಕೇಳಿ, ಮಂತ್ರಿಗಳನ್ನು ಕೇಳಿ. ಸಂಜೆ ಮನೆಯ ಜಗುಲಿಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಮಗುವಿಗೆ ಹುಲಿ-ಕುರಿ ಆಟ ಹೇಳಿಕೊಡಿ. ಹಿಂದಿನ ಮನೆ ಖಾಲಿಯಿದ್ದು ಒಂಟಿಯಾಗಿ ನಿಂತ ಕುರಿಯನ್ನು ಹುಲಿ ಹಾರಿ ತಿನ್ನುತ್ತದೆ. ಒಂದರ ಬೆನ್ನಿಗೆ ಇನ್ನೊಂದು ನಿಂತರೆ ಹುಲಿಗೆ ಹಾರಲು ಜಾಗವಿಲ್ಲ, ಕಡೆಗೆ ಅದೇ ಕಟ್ಟಿಬೀಳುತ್ತದೆ. ಮಗು ಅದನ್ನು ಬೇಗ ಕಲಿಯುತ್ತದೆ. ನಾವೂ ಕಲಿಯಬೇಕಾಗಿದೆ.