ಪೆಟ್ಟಿಗೆಯ ತಳದಲ್ಲಿರುವ ಪೂರ್ವಜರು

ತಮ್ಮ ಮನೆತನದ ಮೂಲವನ್ನು ಅರಸುವ ಆಸಕ್ತಿ ಕರಾವಳಿಯ ನಮ್ಮ ಕೃಷಿಕ ಕುಟುಂಬಗಳಲ್ಲಿ ಮೂಡಿರುವುದು ಸಂತೋಷದ ವಿಷಯ. ಆದರೆ ಮುತ್ತಜ್ಜನ ಹೆಸರನ್ನು ತಲುಪುವಷ್ಟರಲ್ಲಿ ಅನೇಕರ ದಾರಿ ಮುಗಿದುಹೋಗುತ್ತದೆ.

ಜನಗಣತಿಯಿಂದ ಇಲ್ಲಿ ಹೆಚ್ಚಿನ ನೆರವು ದೊರೆಯದು. ನಮಗೆ ಸಿಗುವುದು ಅಂಕಿಸಂಖ್ಯೆಗಳೇ ಹೊರತು ಮನೆಮಂದಿಯ ಹೆಸರುಗಳಲ್ಲ. 1948ರ ಜನಗಣತಿ ಕಾಯಿದೆಯಂತೆ ವ್ಯಕ್ತಿಗಳ ವಿವರ ಗೋಪ್ಯ. ಐರ್ಲೆಂಡಿನಲ್ಲಾದರೋ 1901 ಮತ್ತು 1911ರ ಗಣತಿಯ ಹಾಳೆಗಳು ಹೆಸರುಗಳ ಸಹಿತ ಎಲ್ಲರಿಗೂ ಲಭ್ಯವಿವೆ. ಆದರೆ 1922ರಲ್ಲಿ ಡಬ್ಲಿನ್ನಿನ ದಾಖಲೆ ಭಂಡಾರಕ್ಕೆ ಬೆಂಕಿ ಬಿದ್ದಾಗ ಅಲ್ಲಿನ ಹಳೆಯ ಗಣತಿಪತ್ರಗಳೂ ಅಸಂಖ್ಯ ಮರಣಶಾಸನಗಳೂ ಬೂದಿಯಾದವು. ಆಯಾ ಊರಿನಲ್ಲಿಯೇ ಇದ್ದ ಕಥೋಲಿಕ ಇಗರ್ಜಿಗಳ ಪುಸ್ತಕಗಳು ಮಾತ್ರ ಆ ಬೆಂಕಿಯಿಂದ ಪಾರಾದವು.

ಇದರಲ್ಲಿ ನಮಗೊಂದು ಪಾಠವಿದೆ. 1784ರ ಸೆರೆಯ ಕಾಲದಲ್ಲಿ ನಮ್ಮ ಇಗರ್ಜಿಗಳು ನಾಶವಾದುದರಿಂದ ಅದಕ್ಕೂ ಹಿಂದಿನ ದಾಖಲೆ ದುರ್ಲಭ. ಉಳಿದಿರುವುದನ್ನಾದರೂ ಕಾಪಾಡಬೇಡವೇ?

ನೋಂದಾಯಿತ ಮರಣಶಾಸನದ ನಕಲನ್ನು, ಬರೆದವರು ತೀರಿಕೊಂಡ ಬಳಿಕ, ಉಪನೋಂದಣಾಧಿಕಾರಿಗಳ ಕಚೇರಿಯಿಂದ ಪಡೆಯಬಹುದು. ಬೈಲುಗದ್ದೆ ಯಾವ ಮಗನಿಗೆ, ತೋಟದ ಗಡಿ ಎಲ್ಲಿಯವರೆಗೆ, ಮೂಲಗೇಣಿ ಹಕ್ಕು ಯಾರಿಗೆ ಎಂಬುದನ್ನು ಅದು ತಿಳಿಸೀತು. ಆದರೆ ಅದು ಆಸ್ತಿಯುಳ್ಳವನ ಮಾತು. ಮದುವೆಯಾಗಿ ಹೋದ ಮಗಳು ಅಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗಬಹುದು. ಚಾಲಗೇಣಿಯ ಒಕ್ಕಲಿಗೆ ಬರೆದಿಡಲು ನೆಲವೇ ಇರಲಿಲ್ಲ. 1974ರ ಭೂಸುಧಾರಣೆಯ ತರುವಾಯ ಭೂನ್ಯಾಯ ಮಂಡಳಿಗೆ ಆತ ಸಲ್ಲಿಸಿದ 7ನೇ ನಮೂನೆಯ ಅರ್ಜಿ ಆ ಮನೆಯ ಮೊದಲ ಭೂದಾಖಲೆಯೇ ಆಗಿರಬಹುದು. ಜ್ಞಾನಸ್ನಾನದ ಪುಸ್ತಕದಲ್ಲಾದರೋ ಧಣಿಯ ಮಗುವಿಗೂ ಒಕ್ಕಲಿನ ಮಗುವಿಗೂ ಒಂದೇ ಪುಟ. ತಾಯಿಯ ಹೆಸರಿಗೂ ಅಲ್ಲಿ ಸ್ಥಾನವುಂಟು.

ಆದುದರಿಂದ ಈ ಶೋಧ ಕುಲಪ್ರತಿಷ್ಠೆಯ ಬೇಟೆಯಾಗದಿರಲಿ. ಧಣಿಯಾಗಿದ್ದ ಅಜ್ಜನನ್ನು ಮೆರೆಸಿ, ಗೇಣಿ ಅಕ್ಕಿ ಹೊತ್ತ ಅಜ್ಜನನ್ನು ಮರೆಮಾಡುವುದು ಸತ್ಯಕ್ಕೆ ಬಗೆದ ದ್ರೋಹ.

ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟುವ ಭರದಲ್ಲಿ ಮೊದಲು ಒಲೆ ಸೇರುವುದು ಪೆಟ್ಟಿಗೆಯ ತಳದ ಕಾಗದಗಳೇ. ಗೆದ್ದಲು ಹಿಡಿಯುವ ಮುನ್ನ ಅವುಗಳ ಪ್ರತಿ ತೆಗೆಸಿಡಿ. ಹಿರಿಯರಿಂದ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ. ಹಳೆಯ ಪುಸ್ತಕಗಳನ್ನು ಜೋಪಾನವಾಗಿಡಬೇಕೆಂದು ಧರ್ಮಸಭೆಯ ಕಾನೂನೇ ವಿಧಿಸಿದೆ. ಆ ಹೊಣೆಯನ್ನು ಧರ್ಮಗುರುಗಳೊಬ್ಬರ ಹೆಗಲಿಗೇ ಹೊರಿಸದೆ, ಪ್ರತಿಯೊಂದು ಧರ್ಮಕೇಂದ್ರದ ಸುಶಿಕ್ಷಿತ ಯುವಜನರು ಅವರೊಡನೆ ಕೈಜೋಡಿಸಲಿ.